ದಿಮ್ಮಿಯಡಿಯ ಸಂಸಾರಿ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯದಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬ ಬೆಟ್ಟಗಾಡಿನ ಸೀಮೆಯಿದೆ. ಅಲ್ಲಿನ ಹಬರ್ಡ್ ಬ್ರೂಕ್ ಎಂಬ ಅರಣ್ಯವು 1955ರಿಂದ ಸಂಶೋಧನೆಗೆಂದು ಮೀಸಲಾದದ್ದು. ಮೇಪಲ್, ಬೀಚ್, ಬರ್ಚ್ ಮರಗಳ ಆ ಕಾಡಿನಲ್ಲಿ ಶರತ್ಕಾಲದ ಎಲೆಗಳು ಕೆಂಪೇರಿದಾಗ ನೆಲವನ್ನು ನೋಡುವವರೇ ಇರುವುದಿಲ್ಲ. ಆದರೆ ಕಾಡಿನ ದೊಡ್ಡ ಒಕ್ಕಲು ಇರುವುದು ನೆಲದಲ್ಲಿಯೇ.

ಮುರಿದು ಬಿದ್ದು ಲಡ್ಡಾದ ದಿಮ್ಮಿಯೊಂದನ್ನು ಮೆಲ್ಲನೆ ಹೊರಳಿಸಿದರೆ, ಮೂರು ನಾಲ್ಕು ಅಂಗುಲದ ಸಣ್ಣ ಪ್ರಾಣಿಯೊಂದು ಕಾಣಿಸೀತು. ಕಡುಬೂದು ಮೈ, ಬೆನ್ನುದ್ದಕ್ಕೂ ಇಟ್ಟಿಗೆ ಬಣ್ಣದ ಪಟ್ಟೆ. ಹಲ್ಲಿಯೆಂದೇ ಭ್ರಮೆಯಾಗುವುದು ಸಹಜ. ಆದರೆ ಮೈಮೇಲೆ ಹುರುಪೆಯಿಲ್ಲ, ಬೆರಳಿಗೆ ಉಗುರಿಲ್ಲ. ಇದು ಕಪ್ಪೆಯ ಬಂಧು. ಹೆಸರು ಕೆಂಬೆನ್ನಿನ ಸಲಮಾಂಡರ್. ನಮ್ಮ ಸಹ್ಯಾದ್ರಿಯಲ್ಲಿ ಕಪ್ಪೆಗಳಿಗೆ ಬರವಿಲ್ಲವಾದರೂ ಸಲಮಾಂಡರುಗಳ ಪೈಕಿ ಒಂದೂ ಇಲ್ಲವಾದ್ದರಿಂದ, ಪರದೇಶದ ಹೆಸರನ್ನೇ ಎರವಲು ತರಬೇಕಾಗಿದೆ.

ಈ ಪ್ರಾಣಿಗೆ ಶ್ವಾಸಕೋಶವೇ ಇಲ್ಲವೆಂದರೆ ಓದುಗರು ನಂಬುವರೋ ಇಲ್ಲವೋ! ತೊಗಲಿನಿಂದಲೂ ಬಾಯೊಳಗಿನ ಪೊರೆಯಿಂದಲೂ ಅದು ಉಸಿರಾಡುತ್ತದೆ. ತೊಗಲು ತೇವವಾಗಿರುವಷ್ಟು ಕಾಲ ಮಾತ್ರವೇ ಉಸಿರು. ಒಣಗಿತೆಂದರೆ ಪ್ರಾಣ ಹೋಯಿತು. ಆದುದರಿಂದ ಮಳೆಯ ರಾತ್ರಿಗಳಲ್ಲಿ ಹೊರಬಂದು ಇರುವೆ, ನುಸಿ ಮೊದಲಾದುವನ್ನು ಹಿಡಿದು ತಿನ್ನುತ್ತದೆ, ಗಿಡವನ್ನೂ ಏರುವುದುಂಟು. ಒಣಹವೆಯಲ್ಲಿ ದಿಮ್ಮಿಯೇ ಅದರ ಮನೆ. ಆ ಮನೆಯ ಎಲ್ಲೆಯನ್ನು ವಾಸನೆಯಿಂದ ಗುರುತಿಟ್ಟು, ಪರರು ನುಗ್ಗಿದರೆ ಕಾದಾಡುವಷ್ಟು ಹಟವೂ ಉಂಟು.

ಕಪ್ಪೆಯಂತೆ ಮೊಟ್ಟೆಯಿಡಲು ಇದು ಕೆರೆ ಹೊಂಡಗಳನ್ನು ಹುಡುಕುವುದಿಲ್ಲ. ಬೇಸಗೆಯಲ್ಲಿ ತಾಯಿಯು ದಿಮ್ಮಿಯ ಪೊಟರೆಯೊಳಗೆ ಏಳೆಂಟು ಮೊಟ್ಟೆಗಳನ್ನು ದ್ರಾಕ್ಷಿಯ ಪುಟ್ಟ ಗೊಂಚಲಿನಂತೆ ತೂಗುಹಾಕಿ, ಸುತ್ತ ಮೈಸುತ್ತಿಕೊಂಡು ವಾರಗಟ್ಟಲೆ ಕಾಯುತ್ತದೆ. ಗೊದಮೊಟ್ಟೆಯ ಅವಸ್ಥೆಯು ಮೊಟ್ಟೆಯೊಳಗೇ ಕಳೆದು, ಮರಿಯು ತಾಯಿಯ ರೂಪದಲ್ಲಿಯೇ ಹೊರಬರುತ್ತದೆ.

ಇಷ್ಟು ಅಲ್ಪಜೀವಿಗೆ ಕಾಡಿನಲ್ಲಿ ಏನು ಲೆಕ್ಕ? ಬರ್ಟನ್, ಲೈಕೆನ್ಸ್ ಎಂಬ ಇಬ್ಬರು ವಿಜ್ಞಾನಿಗಳು ಹಬರ್ಡ್ ಬ್ರೂಕಿನಲ್ಲಿ ಈ ಲೆಕ್ಕವನ್ನೇ ಮಾಡಿ 1975ರಲ್ಲಿ ಪ್ರಕಟಿಸಿದರು. ಅಲ್ಲಿನ ಸಲಮಾಂಡರುಗಳ ಒಟ್ಟು ತೂಕವು ಗೂಡುಕಟ್ಟುವ ಕಾಲದ ಹಕ್ಕಿಗಳ ಒಟ್ಟು ತೂಕದ ಸುಮಾರು ಎರಡರಷ್ಟು. ಇಲಿ ಮೊದಲಾದ ಸಣ್ಣ ಸಸ್ತನಿಗಳ ತೂಕಕ್ಕೆ ಹೆಚ್ಚು ಕಡಮೆ ಸಮ! ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಮಿಕ್ಕು ಈ ಕೆಂಬೆನ್ನಿನದೇ. ಹಾಡುವ ಹಕ್ಕಿಗೆ ಕಿವಿಗೊಟ್ಟ ಕಾಡು ಸುತ್ತುವವರು ಕಾಲಡಿಯ ಈ ಸಂಪತ್ತನ್ನು ಎಷ್ಟು ಕಾಲ ತುಳಿದು ನಡೆದಿದ್ದರೋ!

ಮರಗಳನ್ನು ಬೋಳಾಗಿ ಕಡಿದಲ್ಲಿ ಬಿಸಿಲು ನೆಲವನ್ನು ತಟ್ಟಿ ತೇವವು ಆರುತ್ತದೆ. ಮತ್ತೆ ನೆರಳು ಕವಿದು, ಹೊಸ ದಿಮ್ಮಿಗಳು ಬಿದ್ದು ಕೊಳೆತು, ಇವು ಮೊದಲಿನಂತೆ ತುಂಬಿಕೊಳ್ಳಲು ದಶಕಗಳೇ ಬೇಕು. ನೋಡಬಂದವರ ಕುತೂಹಲವೂ ಕೇಡು ಮಾಡಬಲ್ಲುದು. ಕಲಕಿದರೆ ತಾಯಿಯು ಮೊಟ್ಟೆಗಳನ್ನು ತೊರೆದು ಹೋದೀತು. ಆದಕಾರಣ ದಿಮ್ಮಿಯನ್ನು ಎತ್ತಿದವರು ಪ್ರಾಣಿಯನ್ನು ಒದ್ದೆ ಕೈಯಿಂದ ಪಕ್ಕಕ್ಕೆ ಸರಿಸಿ, ದಿಮ್ಮಿಯನ್ನು ಮೊದಲಿದ್ದ ಗುಳಿಯಲ್ಲಿಯೇ ಕೂರಿಸಿ, ಆಮೇಲೆ ಅದನ್ನು ಅಂಚಿನಲ್ಲಿ ಬಿಡಬೇಕು. ಒಳದಾರಿಯನ್ನು ಅದೇ ಕಂಡುಕೊಳ್ಳುತ್ತದೆ.