ಹತ್ತು ಸೆಕೆಂಡಿನ ಬಿಡುವು

ಇಪ್ಪತ್ತು ಸೆಕೆಂಡು ಜೀವ ಬಿಟ್ಟು ಎಗರುವುದು, ಹತ್ತು ಸೆಕೆಂಡು ನಿಲ್ಲುವುದು. ಹೀಗೆ ಎಂಟು ಸುತ್ತು, ಒಟ್ಟು ನಾಲ್ಕು ನಿಮಿಷ. ಲೆಕ್ಕ ಇಷ್ಟೇ. ಮೊದಲ ಸುತ್ತಾದ ಮೇಲಿನ ಬಿಡುವು ಬೇಕು ಅಂತಲೂ ಅನ್ನಿಸುವುದಿಲ್ಲ. ಸುಮ್ಮನೆ ಟಿವಿ ನೋಡುತ್ತಾ ನಿಂತಿರುತ್ತೇವೆ. ಮೂರನೆಯದಕ್ಕೆ ಅದು ಹಿತವಾಗುತ್ತದೆ. ಐದನೆಯದು ಮುಗಿಯುವ ಹೊತ್ತಿಗೆ ಆ ಹತ್ತು ಸೆಕೆಂಡಿಗಿಂತ ರುಚಿಯಾದದ್ದು ಇನ್ನೊಂದಿಲ್ಲ. ಮಂಡಿಯ ಮೇಲೆ ಎರಡೂ ಕೈ ಊರಿ ಬಗ್ಗಿದರೆ ಉಸಿರು ಮೂಗು, ಬಾಯಿ ಎನ್ನದೆ ನುಗ್ಗುತ್ತದೆ. ಪಕ್ಕೆಲುಬು ಅಗಲವಾಗುವುದು ಗೊತ್ತಾಗುತ್ತದೆ, ಎದೆಬಡಿತ ಕಿವಿಯೊಳಗೇ ಕೇಳುತ್ತದೆ. ತೂಕ, ಸೊಂಟದ ಸುತ್ತಳತೆ ಎಲ್ಲ ಆಮೇಲಿನ ಮಾತು. ನಾನು ಕಾರ್ಡಿಯೋ ವಿಡಿಯೋ ಹಾಕಿಕೊಳ್ಳುವುದು ಈ ಉಸಿರಿಗಾಗಿ.

ಬೆಂಗಳೂರಿನ ವಿಜಯನಗರದ ಮೂವತ್ತು ನಲವತ್ತರ ಸೈಟಿನಲ್ಲಿ ಮೊದಲ ಮಹಡಿಯ ಮನೆ ನಮ್ಮದು. ಟೀಪಾಯಿಯನ್ನು ರೂಮಿಗೆ ಸಾಗಿಸಿ, ಸೋಫಾವನ್ನು ಗೋಡೆಗೆ ತಳ್ಳಿದರೆ ಮ್ಯಾಟ್ ಹಾಸುವಷ್ಟು ಜಾಗ. ಕೈ ಚಾಚಿದರೆ ಒಂದು ಕಡೆ ಶೋಕೇಸು, ಇನ್ನೊಂದು ಕಡೆ ಬಾಗಿಲಿನ ಪರದೆ. ಮಾಗಡಿ ರಸ್ತೆಯ ಹಾರ್ನು ಶುರುವಾಗುವ ಮೊದಲು, ಆರು ಗಂಟೆಯೊಳಗೆ, ಕಿಟಕಿ ಪೂರ್ತಿ ತೆಗೆದಿಟ್ಟುಕೊಳ್ಳಬೇಕು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನ ಬೆಳಗಿನ ತಂಪು ಗಾಳಿ ಬಿಸಿ ಗಂಟಲಿಗೆ ತಗಲುವ ಸುಖವನ್ನು ಯಾವ ಏಸಿ ಜಿಮ್ಮೂ ಕೊಡಲಾರದು. ವಿಡಿಯೋದ ಸಂಗೀತವನ್ನು ನಾನು ಬಂದ್ ಮಾಡಿ ಗಡಿಯಾರವನ್ನಷ್ಟೇ ನೋಡುತ್ತೇನೆ. ಆಗ ಪಕ್ಕದ ಮನೆಯ ಕುಕ್ಕರಿನ ಸೀಟಿ, ಹೂವಿನವಳ ಕೂಗು, ನನ್ನ ಉಸಿರು ಮೂರೂ ಒಟ್ಟಿಗೆ ಕೇಳುತ್ತವೆ.

ಈ ಇಪ್ಪತ್ತು–ಹತ್ತರ ಲೆಕ್ಕ ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದಿಂದ ಬಂದದ್ದು. ಅವರ ಕೋಚ್ ಇರಿಸಾವಾ ಕೊಯಿಚಿ ಹೀಗೆ ಅಭ್ಯಾಸ ಮಾಡಿಸುತ್ತಿದ್ದರು. ಅದರ ಫಲವನ್ನು ಅಳೆದು ನೋಡಿದವರು ವಿಜ್ಞಾನಿ ಇಜುಮಿ ತಬಾಟಾ. 1996ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಹದವಾಗಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು ಹೆಚ್ಚಿನ ದಿನಗಳಲ್ಲಿ ತುಳಿದದ್ದು ನಾಲ್ಕೇ ನಿಮಿಷ, ಆದರೆ ಮೈಯಲ್ಲಿದ್ದದ್ದನ್ನೆಲ್ಲ ಸುರಿದು. ಆರು ವಾರದ ಕೊನೆಗೆ ಆಮ್ಲಜನಕ ಬಳಸುವ ಶಕ್ತಿ ಎರಡೂ ಗುಂಪಿಗೆ ಹೆಚ್ಚಿತ್ತು. ಆಮ್ಲಜನಕದ ನೆರವಿಲ್ಲದೆ ದುಡಿಯುವ ಶಕ್ತಿ ಮಾತ್ರ ನಾಲ್ಕು ನಿಮಿಷದವರಿಗಷ್ಟೇ ಏರಿತ್ತು, ಅದೂ ಶೇ. 28ರಷ್ಟು. ಎಂಟನೆಯ ಸುತ್ತಿಗೆ ತುಳಿಯಲು ಕಾಲೇ ಬಾರದಂತಿರಬೇಕು ಎಂಬುದು ಅವರ ಕಟ್ಟಳೆ. ತಬಾಟಾ ಎಂದು ಹೆಸರಿಟ್ಟುಕೊಂಡ ಮುಕ್ಕಾಲು ಪಾಲು ವಿಡಿಯೋಗಳಲ್ಲಿ ಗಡಿಯಾರ ಆ ಅಧ್ಯಯನದ್ದು, ಶ್ರಮ ಅದಕ್ಕಿಂತ ಕಡಿಮೆ. ಇರಲಿ, ಮನೆಯಲ್ಲಿ ಮಾಡುವವರಿಗೆ ಅದು ಒಳ್ಳೆಯದೇ. ಎದೆಯ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಲೇಬಾರದು.

ಬಿಡುವಿನಲ್ಲಿ ಎಲ್ಲರೂ ಉಸಿರು ಎಳೆದುಕೊಳ್ಳಲು ಹೋಗುತ್ತಾರೆ. ನಾನು ಮೊದಲು ಹೊರಗೆ ಬಿಡುತ್ತೇನೆ, ಹೊಟ್ಟೆ ಒಳಕ್ಕೆ ಹೋಗುವಷ್ಟು ಉದ್ದಕ್ಕೆ. ಆ ಹೊತ್ತಿನ ಏದುಸಿರಿಗೆ ಬಹುಮಟ್ಟಿಗೆ ಕಾರಣ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡು ಮತ್ತು ಆಮ್ಲ. ಅದನ್ನು ಹೊರಗೆ ಹಾಕು ಎಂದು ಮೆದುಳು ಅವಸರ ಮಾಡುತ್ತಿರುತ್ತದೆ. ಹೊರಗೆ ಹಾಕಿದರೆ ಒಳಗೆ ಬರುವುದು ತಾನಾಗಿ ಬರುತ್ತದೆ. ಹತ್ತು ಸೆಕೆಂಡಿನಲ್ಲಿ ಇಂಥ ಎರಡು ಉಸಿರು ಸಿಗುತ್ತವೆ, ಅದೃಷ್ಟವಿದ್ದರೆ ಮೂರು. ಮೂರು ಸಿಕ್ಕಿದ ದಿನ ಏಳನೆಯ ಸುತ್ತು ಬೇರೆಯೇ ಆಗಿರುತ್ತದೆ.

ಇಷ್ಟೇ ಪ್ರೀತಿಯಿಂದ ಕಲಿತ ಇನ್ನೊಂದು ವಿದ್ಯೆ, ಸದ್ದಿಲ್ಲದೆ ಇಳಿಯುವುದು. ಇದಕ್ಕೆ ಗುರು ಯಾವ ವಿಡಿಯೋದವರೂ ಅಲ್ಲ, ಕೆಳಗಿನ ಮನೆಯ ಅಮ್ಮ. ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಕೇಳಿದರು: "ಬೆಳಗ್ಗೆ ಬೆಳಗ್ಗೆ ಎಗರ್ತಿಯಲ್ಲ, ಏನಮ್ಮಾ ಅದು?" ಹೇಳಿದೆ. "ಎಗರು, ಬೇಡ ಅನ್ನಲ್ಲ. ನಮ್ಮಪ್ಪ ಗರಡಿಗೆ ಹೋಗ್ತಿದ್ರು. ಸಾಮು ಮಾಡೋನ ಕಾಲು ಸದ್ದು ಮಾಡಬಾರದು ಅನ್ನೋರು," ಎಂದರು. ಅವತ್ತಿನಿಂದ ಜಂಪಿಂಗ್ ಜ್ಯಾಕ್ ಮಾಡುವಾಗ ಕಿವಿ ಪಾದದ ಮೇಲೆ. ಮುಂಗಾಲು ಮೊದಲು ನೆಲ ಮುಟ್ಟಬೇಕು, ಹಿಮ್ಮಡಿ ಆಮೇಲೆ ಮೆಲ್ಲಗೆ, ಅಷ್ಟರಲ್ಲಿ ಮಂಡಿ ಮಡಿಚಿರಬೇಕು. ಸದ್ದು ಕಡಿಮೆಯಾದಷ್ಟೂ ಮಂಡಿಗೆ ಬೀಳುವ ಪೆಟ್ಟೂ ಕಡಿಮೆ. ಮೀನಖಂಡ, ತೊಡೆ ಎರಡೂ ಆ ಭಾರವನ್ನು ಹಿಡಿದು ಇಳಿಸಬೇಕಾದ್ದರಿಂದ ದಣಿವು ಮಾತ್ರ ಜಾಸ್ತಿ. ಬೆಕ್ಕು ಕಾಂಪೌಂಡಿನಿಂದ ಹಾರಿದ ಹಾಗೆ ಒಂದು ಇಡೀ ಸುತ್ತು ಮುಗಿಸಿದಾಗ ಆಗುವ ಖುಷಿ ವೇಗದಲ್ಲಿ ಎಂದೂ ಸಿಕ್ಕಿಲ್ಲ.

ಗರಡಿಯ ಮಾತು ಬಂದ ಮೇಲೆ ಬರ್ಪಿಯನ್ನು ನೋಡುವ ಕಣ್ಣೇ ಬದಲಾಯಿತು. ಕುಕ್ಕರುಗಾಲಿನಲ್ಲಿ ಕೂತು, ಕೈ ಊರಿ, ಕಾಲನ್ನು ಹಿಂದಕ್ಕೆ ಎಸೆದು, ಮತ್ತೆ ಎಳೆದುಕೊಂಡು ಏಳುವ ಈ ವ್ಯಾಯಾಮವನ್ನು 1930ರ ದಶಕದಲ್ಲಿ ನ್ಯೂಯಾರ್ಕಿನ ರಾಯಲ್ ಬರ್ಪಿ ಮೈಯ ಕ್ಷಮತೆ ಅಳೆಯುವ ಸುಲಭ ಪರೀಕ್ಷೆಯಾಗಿ ರೂಪಿಸಿದರು. ದಂಡೆಯನ್ನೂ ನೆಗೆತವನ್ನೂ ಸೇರಿಸಿ ಕಠಿಣ ಮಾಡಿದ್ದು ನಂತರದವರು. ಬಿಡಿಸಿ ನೋಡಿದರೆ ಅದು ಒಂದು ಬಸ್ಕಿ, ಒಂದು ದಂಡೆ, ಒಂದು ನೆಗೆತ. ಕೆಮ್ಮಣ್ಣಿನ ಮೇಲೆ, ಆಂಜನೇಯನ ಪಟದ ಮುಂದೆ ನಮ್ಮವರು ಹೊಡೆಯುತ್ತಿದ್ದ ದಂಡೆ ಬಸ್ಕಿಗಳಿಗೂ ಇದಕ್ಕೂ ಮೈಯ ಮಟ್ಟಿಗೆ ಅಂಥ ದೂರವಿಲ್ಲ.

ಕಣ್ಣೆದುರಿಲ್ಲದ ಗುರುವನ್ನು ನೋಡಿ ಮನೆಯಲ್ಲೇ ಮೈ ಪಳಗಿಸುವುದೂ ಬೆಂಗಳೂರಿಗೆ ಹೊಸದಲ್ಲ. 'ಶಾಂತಲಾ' ಕಾದಂಬರಿಯ ಕೆ.ವಿ. ಅಯ್ಯರ್ ಇದೇ ಊರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದವರು, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹ ಪಡೆದವರು. ಮೈಕಟ್ಟಿನ ಕಸರತ್ತಿಗೆ ಸೂರ್ಯನಮಸ್ಕಾರವನ್ನು ಬೆಸೆದ ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಲಕೋಟೆ ಒಡೆದು, ಹಾಳೆಯನ್ನು ಎದುರಿಗಿಟ್ಟುಕೊಂಡು, ಎಲ್ಲೋ ಒಬ್ಬ ಗುಮಾಸ್ತನೋ ಮೇಷ್ಟ್ರೋ ಮುಂಜಾನೆ ಮೈ ಬಗ್ಗಿಸಿದ್ದನ್ನು ನೆನೆದರೆ ಆತ ನನಗೆ ಬಹಳ ಹತ್ತಿರದವನು ಅನ್ನಿಸುತ್ತದೆ. ಒಳ್ಳೆಯ ಪಾಠವಾದರೆ ಹಾಳೆಯ ಮೇಲಿದ್ದರೂ ಮೈಗೆ ತಲುಪುತ್ತದೆ. ವಿಡಿಯೋ ಆರಿಸುವಾಗಲೂ ನಾನು ನೋಡುವುದು ಅದನ್ನೇ: ಹೇಳಿಕೊಡುವವರೂ ನಮ್ಮೊಂದಿಗೆ ದಣಿಯಬೇಕು, ಮಾತು ಕಡಿಮೆ ಇರಬೇಕು, ಕಷ್ಟದ ಪಟ್ಟಿಗೆ ಸುಲಭದ ಇನ್ನೊಂದು ಪಟ್ಟನ್ನು ಪಕ್ಕದಲ್ಲೇ ತೋರಿಸಬೇಕು.

ಈಚೆಗೆ ಭಾನುವಾರ ಕೆಳಗಿನ ಮನೆಯ ಅಮ್ಮನ ಮೊಮ್ಮಗನೂ ಮೇಲೆ ಬರುತ್ತಾನೆ, ಐದನೇ ಕ್ಲಾಸು. ಅಜ್ಜಿಯ ನಿಯಮ ಅವನಿಗೂ ಗೊತ್ತು. ಬರಿಗಾಲಿನಲ್ಲಿ ಮೆಲ್ಲಗೆ ಇಳಿಯುತ್ತಾನೆ. ಮಕ್ಕಳು ಇಂಥ ಶ್ರಮದಿಂದ ದೊಡ್ಡವರಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ. ನಾನು ಇನ್ನೂ ಬಗ್ಗಿ ನಿಂತಿರುವಾಗಲೇ ಅವನು ಮಾತಿಗೆ ಶುರುಮಾಡಿರುತ್ತಾನೆ. ಭಾನುವಾರದ ವಿಡಿಯೋ ಆರಿಸುವ ಅಧಿಕಾರ ಅವನಿಗೇ ಕೊಟ್ಟಿದ್ದೇನೆ. ಬರುವ ವಾರಕ್ಕೆ ಬಾಕ್ಸಿಂಗಿನದೊಂದನ್ನು ಗೊತ್ತುಮಾಡಿದ್ದಾನೆ. ನಾನೂ ಒಮ್ಮೆ ಓಡಿಸಿ ನೋಡಿದೆ: ಎರಡನೇ ಸುತ್ತಿಗೇ ಬರ್ಪಿ ಬರುತ್ತದೆ.