ಜಾವಾದ ಹಿಂದಿನ ಸೀಟು

ಮೈಸೂರಿನಲ್ಲಿ ಜಾವಾ, ಯೆಜ್ದಿ ಎಂದರೆ ಗಂಡಸರ ಮಾತು. ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಗಾಡಿಗಳನ್ನು ತೊಳೆದು ಒರೆಸಿ, ಜೋಡಿ ಕೊಳವೆಗಳಿಂದ ಹೊಗೆ ಬಿಡುತ್ತ ಹೊರಡುವವರಲ್ಲಿ ಹೆಚ್ಚಿನವರು ಅವರೇ. ಹಿಂದಿನ ಸೀಟಿನಲ್ಲಿ ಸೆರಗು ಸುತ್ತಿಕೊಂಡು ಒಂದೇ ಮಗ್ಗುಲಿಗೆ ಕುಳಿತು, ತೊಡೆಯ ಮೇಲೆ ಮಗುವನ್ನೂ ಕೈಯಲ್ಲಿ ತರಕಾರಿ ಚೀಲವನ್ನೂ ಹಿಡಿದು ಊರೆಲ್ಲ ಸುತ್ತಿದವರನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದ್ದರೆ ಆ ಕಾರ್ಖಾನೆಯ ಕಥೆಯಲ್ಲಿ ಅರ್ಧವನ್ನು ನಾವೇ ಹೇಳಬಹುದಿತ್ತು.

ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಶುರುವಾಯಿತು. ಕಟ್ಟಿದವರು ಪಾರ್ಸಿಗಳಾದ ಇರಾನಿ ಮನೆತನದವರು. ಬೆನ್ನಿಗೆ ಜಯಚಾಮರಾಜ ಒಡೆಯರ ಬೆಂಬಲ. ಮೊದಮೊದಲು ಚೆಕೊಸ್ಲೊವಾಕಿಯದಿಂದ ಬಂದ ಬಿಡಿಭಾಗಗಳನ್ನು ಜೋಡಿಸುತ್ತಿದ್ದರು. ಬರಬರುತ್ತ ಇಲ್ಲಿಯೇ ತಯಾರಿಸತೊಡಗಿದರು. 1973ರಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ದಿ ಬಂತು, 1978ರಲ್ಲಿ ರೋಡ್‌ಕಿಂಗ್. ಒದ್ದು ಚಾಲೂ ಮಾಡುವ ಸನ್ನೆಯೇ ಆಮೇಲೆ ಗೇರಿನ ಸನ್ನೆಯೂ ಆಗುತ್ತಿತ್ತು. ಅದನ್ನು ಗಂಡಸರು ಈಗಲೂ ಹೊಗಳುತ್ತಾರೆ. ಒಂದೇ ಸಟ್ಟುಗದಲ್ಲಿ ದೋಸೆ ಮಗುಚಿ ಅನ್ನವನ್ನೂ ಬಡಿಸುವ ನಮ್ಮನ್ನು ಹೊಗಳಿದವರನ್ನು ನಾನು ಕಂಡಿಲ್ಲ, ಇರಲಿ.

ನಮ್ಮ ಮನೆಗೆ ಯೆಜ್ದಿ ಬಂದಾಗ ಮಾವನವರು ತಾವೇ ನಿಂತು ಪೂಜೆ ಮಾಡಿಸಿದರು. ನಮ್ಮೂರಿನ ಗಾಡಿ, ನಮ್ಮೂರಿನವರು ಕೈಯಾರೆ ಮಾಡಿದ್ದು ಎಂಬ ಅಭಿಮಾನ. ಗಾಡಿ ಗಟ್ಟಿಮುಟ್ಟು, ಚಾಮುಂಡಿ ಬೆಟ್ಟವನ್ನು ನಾವು ಮೂವರೂ ಕುಳಿತಂತೆಯೇ ಹತ್ತುತ್ತಿತ್ತು. ಸೀರೆ ಚಕ್ರಕ್ಕೆ ಸಿಗದಂತೆ ಪಕ್ಕದಲ್ಲಿ ಜಾಲರಿ ಹಾಕಿಸಿದ್ದೆವು. ನನಗೂ ಅದರ ಮೇಲೆ ಪ್ರೀತಿಯಿತ್ತು.

ಆದರೆ ತಿಂಗಳ ಲೆಕ್ಕದ ಪುಸ್ತಕ ಬರೆಯುತ್ತಿದ್ದವಳು ನಾನು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಎಂದರೆ ಪೆಟ್ರೋಲಿನ ಜೊತೆ ಆಯಿಲನ್ನೂ ಬೆರೆಸಬೇಕು, ಅದೂ ಉರಿದು ಹೊಗೆಯಾಗಿ ಹೋಗುತ್ತದೆ. ಅಷ್ಟರಲ್ಲಿ ಜಪಾನಿನವರ ಜೊತೆ ಸೇರಿ ನಮ್ಮ ಕಂಪನಿಗಳು 100 ಸಿಸಿಯ ಹಗುರ ಗಾಡಿಗಳನ್ನು ತಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೋಂಡಾ, ಅದೇ ವರ್ಷ ಯಮಹಾ. ಹೀರೊ ಹೋಂಡಾದ್ದು ಫೋರ್ ಸ್ಟ್ರೋಕ್; ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜೇ ಇಲ್ಲ. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಜಾಹೀರಾತು ಹೇಳುತ್ತಿತ್ತು. 1990ರಲ್ಲಿ ಕೊಲ್ಲಿಯಲ್ಲಿ ಗಲಾಟೆಯೆದ್ದು ಪೆಟ್ರೋಲಿನ ಬೆಲೆ ಏರಿದಾಗ ನಾನು ಮೂರು ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನಮ್ಮವರ ಮುಂದಿಟ್ಟೆ. ಮಗಳ ಸ್ಕೂಲಿನ ಫೀಸು ಒಂದು ಕಡೆ, ಪೆಟ್ರೋಲು ಇನ್ನೊಂದು ಕಡೆ.

"ಊರಿನ ಗಾಡಿ ಬಿಟ್ಟು ಹೊರಗಿನದನ್ನು ತರುತ್ತೀಯೇನಮ್ಮ?" ಎಂದರು ಮಾವ.

"ಅಭಿಮಾನದಿಂದ ಹಾಲಿನವನ ಬಾಕಿ ತೀರುವುದಿಲ್ಲ ಮಾವ" ಎಂದೆ. ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಮ್ಮವರು ಗಾಡಿಯನ್ನು ಕೊಂಡುಹೋಗುವವನ ಮುಂದೆ ಕೊನೆಯ ಸಲ ಒರೆಸಿದರು. ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಇವತ್ತಿಗೂ ಹಾಗೆಯೇ ಹೇಳುತ್ತೇನೆ.

ವ್ಯಾಪಾರದ ಅಪಾಯ ಎಂದು ದೊಡ್ಡವರು ಏನೇನೋ ಹೇಳುತ್ತಾರಲ್ಲ, ಅದು ಹೀಗೆ ಅಡುಗೆಮನೆಯ ಕಟ್ಟೆಯ ಮೇಲೆ ಹುಟ್ಟುತ್ತದೆ. ಗಾಡಿ ಬದಲಿಸಲು ನಮಗೆ ಒಂದು ಸಂಜೆ ಸಾಕು. ಕಾರ್ಖಾನೆಗೆ ಹಾಗಲ್ಲ. ಜಾಗ, ಯಂತ್ರ, ಅಚ್ಚುಗಳು, ಕೈ ಪಳಗಿದ ನೂರಾರು ಜನ, ಎಲ್ಲವನ್ನೂ ಒಂದು ಬಗೆಯ ಎಂಜಿನ್ನಿಗಾಗಿ ಹೊಂದಿಸಿಕೊಂಡ ಮೇಲೆ ಇನ್ನೊಂದಕ್ಕೆ ಹೊರಳಲು ವರ್ಷಗಳೂ ಬೇಕು, ಹಣವೂ ಬೇಕು. ಗಿರಾಕಿಗಳು ಉಳಿತಾಯದ ಕಡೆ ತಿರುಗಿದ್ದ ಆ 1980ರ ದಶಕದಲ್ಲೇ ಅವರು ಎರಡು ಸಿಲಿಂಡರಿನ 350 ಸಿಸಿ ಗಾಡಿಯನ್ನೂ ಹೊರತಂದರು. ಗಾಂಭೀರ್ಯವೇನೋ ಇತ್ತು, ಕೊಳ್ಳುವವರು ಸಾಲದೆ ಹೋದರು. 1990ರ ದಶಕದಲ್ಲಿ ಹೊಗೆಯ ಮೇಲಿನ ಸರ್ಕಾರದ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮಂಥ ಎಷ್ಟು ಮನೆಗಳಲ್ಲಿ ಅಂಥ ಹಾಳೆಗಳನ್ನು ಬರೆದಿದ್ದರೋ!

ಈಗ ಆ ಎರಡು ಹೆಸರುಗಳೂ ಮತ್ತೆ ಬಂದಿವೆ. ಮಹೀಂದ್ರದವರ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ದಿಯನ್ನೂ ತಂದಿತು. ಫೋರ್ ಸ್ಟ್ರೋಕ್ ಎಂಜಿನ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನಲ್ಲಿ ಈಗಲೂ ಗಾಡಿಗಳು ತಯಾರಾಗುತ್ತವೆ, ಆದರೆ ಅದು ಊರಾಚೆ, ಟಿವಿಎಸ್‌ನವರ ಕಾರ್ಖಾನೆಯಲ್ಲಿ.

ಮೊನ್ನೆ ಮಗ, ಸೊಸೆ ಹೊಸ ಜಾವಾ ನೋಡಿಬಂದರು. ಮಗ ಊಟ ಮುಗಿಯುವ ತನಕ ಅದರ ಬಣ್ಣವನ್ನೇ ವರ್ಣಿಸಿದ. ಸೊಸೆ ಪೆಟ್ರೋಲಿನ ಲೆಕ್ಕ, ಸರ್ವಿಸಿನ ಖರ್ಚು, ವಿಮೆಯ ಕಂತು ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡು ಬಂದಿದ್ದಳು. "ಇನ್ನೊಂದು ಅಂಗಡಿಗೂ ಹೋಗಿಬರೋಣ ರೀ" ಎಂದಳು.