ಅಪ್ಪನ ಕಂಪ್ಯೂಟರ್ 2012ಕ್ಕೆ ಹೋಗಿತ್ತು

ಜೂನ್ ತಿಂಗಳ ಒಂದು ಮಂಗಳವಾರ. ಆಫೀಸಿನ ಮೀಟಿಂಗ್ ನಡೀತಿರುವಾಗಲೇ ಅಪ್ಪನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಸಾಗರದ ನಮ್ಮ ಮನೆಯಲ್ಲಿರುವ ಹಳೇ ಡೆಸ್ಕ್‌ಟಾಪ್‌ನ ಪರದೆ. ಫೋಟೋ ಅರ್ಧ ಮಸುಕಾಗಿತ್ತು, ಆದರೂ ಬ್ರೌಸರ್ ಹೇಳ್ತಿದ್ದದ್ದು ಓದೋಕೆ ಆಗ್ತಿತ್ತು: ನಿಮ್ಮ ಗಡಿಯಾರ ಹಿಂದಿದೆ. ಕೆಳಗಿನ ಮೂಲೆಯಲ್ಲಿ ತಾರೀಖು 1-1-2012.

ಜೊತೆಗೆ ಒಂದು ಸಾಲು: "ತೋಟದ ಪಹಣಿ ತೆಗೀಬೇಕಿತ್ತು. ಯಾವ ಸೈಟೂ ತೆರೀತಿಲ್ಲ. ವೈರಸ್ಸಾ?"

ಮೀಟಿಂಗ್ ಮುಗಿಸಿ ಫೋನ್ ಮಾಡಿದೆ. ನನಗೂ ಅವತ್ತು ರಿಲೀಸ್ ಇತ್ತು, ತಲೆ ಬಿಸಿಯಾಗಿತ್ತು. "ವೈರಸ್ ಏನೂ ಇಲ್ಲ ಅಪ್ಪಾ, ಟೈಮ್ ತಪ್ಪಿದೆ ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ, ಡೇಟ್ ಅಂಡ್ ಟೈಮ್‌ನಲ್ಲಿ ಸಿಂಕ್ ನೌ ಒತ್ತಿ."

"ಒತ್ತಿದೆ. ಆಗಲಿಲ್ಲ ಅಂತ ತೋರಿಸ್ತಿದೆ."

"ಇನ್ನೊಂದ್ಸಲ ಒತ್ತಿ."

"ಒತ್ತಿದೆ ಮಾರಾಯ."

"ಹಾಗಾದ್ರೆ ಏನೋ ತಪ್ಪು ಒತ್ತಿರ್ತೀರಿ. ಸದ್ಯಕ್ಕೆ ಕೈಯಲ್ಲೇ ತಾರೀಖು ಸರಿ ಮಾಡ್ಕೊಳಿ, ಆಮೇಲೆ ನೋಡ್ತೀನಿ."

ಆ 'ಆಮೇಲೆ' ಮೂರು ವಾರ ಬರಲೇ ಇಲ್ಲ. ಅಪ್ಪನೂ ಮತ್ತೆ ಕೇಳಲಿಲ್ಲ. ಸರಿಹೋಗಿದೆ ಅಂದ್ಕೊಂಡೆ.

ಜುಲೈ ಮೊದಲ ವಾರ ಊರಿಗೆ ಹೋದೆ. ಕಂಪ್ಯೂಟರ್ ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಮತ್ತು ವಿಜ್ಞಾನ ಹೇಳಿಕೊಟ್ಟವರು, ಗೆರೆ ಎಳೆಯದೆ ಏನನ್ನೂ ಬರೆಯೋರಲ್ಲ. ಮೂರು ಕಾಲಂ ಹಾಕಿದ್ದರು: ದಿನಾಂಕ, ಪ್ಲಗ್, ಬೆಳಿಗ್ಗೆ ಕಂಡ ಸಮಯ.

ಜೂನ್ 14: ರಾತ್ರಿ ಗುಡುಗು, ಕಿತ್ತಿದೆ. 1-1-2012.
ಜೂನ್ 15: ಕಿತ್ತಿಲ್ಲ. ಸರಿ ಇದೆ.
ಜೂನ್ 16: ಗುಡುಗು, ಕಿತ್ತಿದೆ. 1-1-2012.

ಹೀಗೇ ಹತ್ತೊಂಬತ್ತು ಸಾಲು. ತಾರೀಖು ಹೋದ ದಿನವೆಲ್ಲ ಗೋಡೆ ಗಡಿಯಾರ ನೋಡಿ ಕೈಯಲ್ಲೇ ಸರಿ ಮಾಡಿದ್ದರು. ಕೊನೆಯಲ್ಲಿ ಕೆಂಪು ಪೆನ್ನಿನಲ್ಲಿ: "ಪ್ಲಗ್ ಕಿತ್ತರೆ ಮಾತ್ರ ಹೋಗುತ್ತದೆ. ಒಳಗೆ ಸೆಲ್ ಇರಬಹುದೇ? ಮಗನಿಗೆ ಬಿಡುವಾದಾಗ ಕೇಳಬೇಕು."

ಆ ಕೊನೇ ವಾಕ್ಯವನ್ನ ಎರಡು ಸಲ ಓದಿದೆ.

ಅಪ್ಪನ ಊಹೆ ನೂರಕ್ಕೆ ನೂರು ಸರಿ. ಕಂಪ್ಯೂಟರ್ ಆಫ್ ಆದಾಗಲೂ ಮದರ್‌ಬೋರ್ಡ್ ಮೇಲೆ ಒಂದು ಪುಟ್ಟ ಗಡಿಯಾರ ಓಡ್ತಾ ಇರುತ್ತೆ. ಅದರ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಪ್ಲಗ್ ಹಾಕಿದ್ದರೆ ಅದಕ್ಕೆ ಗೋಡೆಯಿಂದಲೇ ಸ್ವಲ್ಪ ಕರೆಂಟ್ ಸಿಗುತ್ತೆ. ಪ್ಲಗ್ ಕಿತ್ತರೆ ಗತಿ ಒಂದೇ, ಸಿಆರ್2032 ಅನ್ನೋ 3 ವೋಲ್ಟಿನ ಬಿಲ್ಲೆ ಸೆಲ್. ನಮ್ಮಲ್ಲಿ ಗುಡುಗು ಶುರುವಾದರೆ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ಗೂ ಕೀಳೋದೇ. ಸೆಲ್ ಯಾವಾಗ ಸತ್ತಿತ್ತೋ, ಮಳೆಗಾಲ ಬಂದಾಗ ಗೊತ್ತಾಯ್ತು.

ಸೈಟ್ ತೆರೆಯದಿದ್ದದ್ದಕ್ಕೂ ಇದೇ ಕಾರಣ. ಪ್ರತಿ ಸುರಕ್ಷಿತ ಸೈಟೂ ಒಂದು ಸರ್ಟಿಫಿಕೇಟ್ ತೋರಿಸುತ್ತೆ, ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತೆ. 2012ರಲ್ಲಿ ಕೂತ ಕಂಪ್ಯೂಟರಿಗೆ ಈ ವರ್ಷದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ.

ಹಾಗಾದರೆ ಸಿಂಕ್ ನೌ ಯಾಕೆ ಕೆಲಸ ಮಾಡಲಿಲ್ಲ? ಆ ರಾತ್ರಿ ಹುಡುಕಿ ನೋಡಿದೆ. ವಿಂಡೋಸ್‌ನ ಟೈಮ್ ಸರ್ವಿಸ್‌ಗೆ ಒಂದು ಮಿತಿ ಇದೆ. ಮನೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅದು 54,000 ಸೆಕೆಂಡು, ಅಂದರೆ 15 ಗಂಟೆ. ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ, ಇದರಲ್ಲಿ ಏನೋ ಎಡವಟ್ಟಿದೆ ಅಂತ ಅದು ತಿದ್ದೋದೇ ಇಲ್ಲ. ಮೊದಲು ಕೈಯಲ್ಲಿ ತಾರೀಖು ಹತ್ತಿರಕ್ಕೆ ತಂದು, ಆಮೇಲೆ ಸಿಂಕ್ ಮಾಡಬೇಕಿತ್ತು. ಅಂದರೆ ಅಪ್ಪ ಒತ್ತಿದ್ದು ಸರಿಯಾದ ಬಟನ್ನೇ. ನಾನು ಹೇಳಿಕೊಟ್ಟ ಕ್ರಮವೇ ತಪ್ಪು.

ಮರುದಿನ ಪೇಟೆಯ ವಾಚ್ ರಿಪೇರಿ ಅಂಗಡಿಯಿಂದ ಸೆಲ್ ತಂದೆ. ಪ್ಲಗ್ ಕಿತ್ತು, ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿದರೆ ಒಳಗೆ ಧೂಳು, ಒಂದು ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಸಿಪ್ಪೆ. ಉಗುರಿನಿಂದ ಕ್ಲಿಪ್ ಒತ್ತಿದೆ, ಹಳೇ ಸೆಲ್ ಹಾರಿ ಬಂತು. ಪ್ಲಸ್ ಗುರುತು ಮೇಲೆ ಬರೋ ಹಾಗೆ ಹೊಸದನ್ನ ಕೂರಿಸಿದೆ.

"ಆರ್‌ಟಿಸಿ ಹೋಗಿತ್ತು, ಅಷ್ಟೇ ಅಪ್ಪಾ," ಅಂದೆ.

ಅಪ್ಪ ಗಾಬರಿಯಾದರು. "ಆರ್‌ಟಿಸಿ ಹೋಯ್ತಾ? ತೋಟದ್ದಾ?"

ಕಂಪ್ಯೂಟರ್ ಒಳಗಿನ ಗಡಿಯಾರಕ್ಕೂ ಪಹಣಿಗೂ ಒಂದೇ ಹೆಸರು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಬಯೋಸ್‌ನಲ್ಲಿ ತಾರೀಖು ಹಾಕಿ, ವಿಂಡೋಸ್ ತೆರೆದೆ. ಟೈಮ್ ಝೋನ್ ಭಾರತದ್ದೇ, ಅಂದರೆ +05:30, ಇದೆ ಅಂತ ನೋಡಿಕೊಂಡೆ. 'ತಾನಾಗಿ ಸಮಯ ಹೊಂದಿಸು' ಅನ್ನೋದನ್ನ ಆನ್ ಮಾಡಿ ಸಿಂಕ್ ನೌ ಒತ್ತಿದೆ. ಈ ಸಲ ಹಸಿರು ಟಿಕ್ ಬಂತು.

"ಬೇರೆ ಎಲ್ಲೋ ಇರೋ ಗಡಿಯಾರಾನ ಕೇಳ್ತದಲ್ಲ, ಉತ್ತರ ಬರೋಷ್ಟರಲ್ಲಿ ಹೊತ್ತು ಕಳೆದಿರಲ್ವಾ?" ಅಪ್ಪ ಕೇಳಿದರು.

ಒಳ್ಳೇ ಪ್ರಶ್ನೆ. ಇದಕ್ಕೇ ಎನ್‌ಟಿಪಿ ಅನ್ನೋ ಪದ್ಧತಿ ಇರೋದು. ಡೇವಿಡ್ ಮಿಲ್ಸ್ ಅನ್ನೋರು ರೂಪಿಸಿದ್ದು, 1985ರಷ್ಟು ಹಳೇದು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ತೋರಿಸಿದೆ. ಪ್ರಶ್ನೆ ಹೊರಟ ಹೊತ್ತು, ಅಲ್ಲಿ ಮುಟ್ಟಿದ ಹೊತ್ತು, ಉತ್ತರ ಹೊರಟ ಹೊತ್ತು, ಇಲ್ಲಿ ಬಂದ ಹೊತ್ತು. ದಾರಿಯಲ್ಲಿ ಒಟ್ಟು ಎಷ್ಟು ಹಿಡೀತು ಅಂತ ಲೆಕ್ಕ ಹಾಕಿ, ಅದರಲ್ಲಿ ಅರ್ಧ ಹೋಗೋದಕ್ಕೆ, ಅರ್ಧ ಬರೋದಕ್ಕೆ ಅಂತ ಹಂಚೋದು.

ಅಪ್ಪ ಕನ್ನಡಕ ಸರಿ ಮಾಡ್ಕೊಂಡು ನೋಡಿದರು. "ಹೋಗೋಕೂ ಬರೋಕೂ ಒಂದೇ ಹೊತ್ತು ಹಿಡಿದ್ರೆ ಮಾತ್ರ ಈ ಲೆಕ್ಕ ಸರಿ. ಇಲ್ದಿದ್ರೆ?"

ಎಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಆ ಪದ್ಧತಿಯ ನಿಜವಾದ ದುರ್ಬಲ ಜಾಗವೇ ಅದು. "ಇಲ್ದಿದ್ರೆ ಸ್ವಲ್ಪ ತಪ್ಪುತ್ತೆ ಅಪ್ಪಾ. ಆದ್ರೆ ಸಾಮಾನ್ಯವಾಗಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿ."

"ಅಷ್ಟಾದ್ರೆ ಅಡ್ಡಿಯಿಲ್ಲ," ಅಂದರು.

ಆಮೇಲೆ ಕೇಳಿಯೇ ಬಿಟ್ಟೆ. "ಇಷ್ಟೆಲ್ಲ ಬರೆದಿಟ್ಟಿದ್ರಿ. ಮತ್ತೆ ಯಾಕೆ ಒಂದು ಫೋನ್ ಮಾಡ್ಲಿಲ್ಲ?"

"ನಾನೇ ಏನೋ ತಪ್ಪು ಒತ್ತಿರ್ತೀನಿ ಅಂದ್ಯಲ್ಲ. ನನ್ನದೇ ತಪ್ಪಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳೋಣ ಅಂತ."

ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಅದಕ್ಕೇ ಜಾಸ್ತಿ ಚುಚ್ಚಿತು. ಆಫೀಸಿನಲ್ಲಿ ಯಾರಾದರೂ ದೂರು ಹೇಳಿದರೆ ಮೊದಲು ಲಾಗ್ ಕೇಳ್ತೀನಿ, ಆಮೇಲೆ ಮಾತಾಡ್ತೀನಿ. ಅಪ್ಪನ ಹತ್ತಿರ ಲಾಗ್ ಕೇಳದೆಯೇ ತೀರ್ಪು ಕೊಟ್ಟಿದ್ದೆ.

"ತಪ್ಪು ನಿಮ್ದಲ್ಲ ಅಪ್ಪಾ. ನಾನು ಹೇಳಿದ್ದೇ ತಪ್ಪಾಗಿತ್ತು," ಅಂತ ಹದಿನೈದು ಗಂಟೆಯ ಮಿತಿಯ ವಿಷಯ ಹೇಳಿದೆ. ಅವರು ಅದನ್ನೂ ಬರ್ಕೊಂಡರು.

ಅವತ್ತು ರಾತ್ರಿ ಗುಡುಗಿರಲಿಲ್ಲ. ಆದರೂ ಪರೀಕ್ಷೆಗೆ ಅಂತ ಅಪ್ಪನೇ ಪ್ಲಗ್ ಕಿತ್ತರು. ಬೆಳಿಗ್ಗೆ ನಾನು ಏಳೋಷ್ಟರಲ್ಲಿ ಪಹಣಿ ಪ್ರಿಂಟ್ ಆಗಿ ಟೇಬಲ್ ಮೇಲಿತ್ತು. ನೋಟ್‌ಬುಕ್ಕಿನಲ್ಲಿ ಇಪ್ಪತ್ತನೇ ಸಾಲು: "ಕಿತ್ತಿದೆ. ಸರಿ ಇದೆ."

ನಿಮ್ಮ ಮನೆಯ ಹಳೇ ಕಂಪ್ಯೂಟರೂ ಪ್ಲಗ್ ಕಿತ್ತಾಗಲೆಲ್ಲ ಹಿಂದಿನ ವರ್ಷಗಳಿಗೆ ಹೋಗ್ತಿದ್ದರೆ ಹೆದರಬೇಡಿ, ಸೆಲ್ ಬದಲಿಸಿ. ಫೋಟೋ ಕಳಿಸಿದ್ದು ಅಪ್ಪನೋ ಅಮ್ಮನೋ ಆಗಿದ್ದರೆ, ಏನು ಒತ್ತಿದಿರಿ ಅಂತ ಕೇಳೋಕೆ ಮುಂಚೆ, ಏನೇನು ಗಮನಿಸಿದಿರಿ ಅಂತ ಕೇಳಿ.